ಲಗ್ನದ ಗಡಿಬಿಡಿ, ಲೇಸರ್‌ಗೆ ಓಟ: ಮೊಡವೆಗೆ ಮೊದಲ ಮದ್ದು ಅದಲ್ಲ

ಅಕ್ಕಲಕೋಟ: ತುಳಸಿ ಲಗ್ನ ಮುಗಿಯುತ್ತಿದ್ದಂತೆ ಗಡಿಭಾಗದ ಮನೆಗಳಲ್ಲಿ ಕನ್ಯಾ ನೋಡುವ ಮಾತು ಸುರುವಾಗುತ್ತದೆ. ಅದರ ಬೆನ್ನಿಗೇ ‘ಹುಡುಗಿ ಮಾರಿ ಮ್ಯಾಲಿನ ಮೊಡವಿಗೆ ಏನ್ ಮಾಡೋದ್ರಿ?’ ಎಂಬ ಚಿಂತೆ. ‘ಸೊಲ್ಲಾಪುರಕ್ಕ ಹೋಗಿ ಲೇಸರ್ ಮಾಡಿಸ್ಕೊಂಡು ಬಾ’ ಎನ್ನುವುದು ಈಗಿನ ಪುಕ್ಕಟೆ ಸಲಹೆ. ಆದರೆ ಲಗ್ನಕ್ಕೆ ತಿಂಗಳಿರುವಾಗ ಹೀಗೆ ಓಡಿದರೆ ರೊಕ್ಕವೂ ಹೋಗಿ, ಮುಖದ ಮೇಲೆ ಕಪ್ಪು ಕಲೆಯೂ ಉಳಿಯಬಹುದು.

ಮೊಡವೆ ಬೇರೆ, ಕುಳಿ ಬೇರೆ

ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಬಳಸುವ ಫ್ರಾಕ್ಷನಲ್ ಸಿಒ2 ಲೇಸರ್, ಮೊಡವೆ ಮಾಗಿದ ಮೇಲೆ ಉಳಿಯುವ ಕುಳಿಗಳಿಗೆ. ಅದು ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯ ಮಾಡುತ್ತದೆ; ಮಾಯುವಾಗ ಹೊಸ ಚರ್ಮ ತುಂಬಿಕೊಳ್ಳುತ್ತದೆ. ಒಂದು ಸಲಕ್ಕೆ ಮುಗಿಯುವುದಿಲ್ಲ, ತಿಂಗಳಿಗೊಮ್ಮೆಯಂತೆ ಹಲವು ಸಲ ಬೇಕು. ಹಸಿ ಮೊಡವೆಗೆಂದೇ ಇರುವ, ಎಣ್ಣೆಗ್ರಂಥಿಗೆ ಶಾಖ ಕೊಡುವ 1726 ನ್ಯಾನೋಮೀಟರ್ ಲೇಸರ್‌ಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಅದು ಬೇರೆಯೇ ಯಂತ್ರ. ಆದ್ದರಿಂದ ಯಾವ ಲೇಸರ್, ಯಾತಕ್ಕೆ, ಒಟ್ಟು ಎಷ್ಟು ಸಲ, ಎಲ್ಲಾ ಸೇರಿ ಎಷ್ಟು ಖರ್ಚು ಎಂದು ಮೊದಲೇ ಕೇಳಿ ಬರೆಸಿಕೊಳ್ಳುವುದು ಲೇಸು.

ನಮ್ಮ ಕಡೆಯ ಗೋಧಿ, ಕಪ್ಪು ಬಣ್ಣದ ಚರ್ಮಕ್ಕೆ ಲೇಸರ್ ಶಾಖ ಹೆಚ್ಚಾದರೆ ಕಲೆ ಬೀಳುತ್ತದೆ. ಆಮೇಲೆ ಬಿಸಿಲಿಗೆ ಹೋದರಂತೂ ಮತ್ತಷ್ಟು. ಹೊಲ, ಬೈಕು ಅಂತ ಬಿಸಿಲಲ್ಲೇ ಓಡಾಡುವವರು ಇದನ್ನು ಮರೆಯಬಾರದು.

ಅಂಗಡಿ ಕ್ರೀಮಿನ ಮೋಸ

ಇನ್ನೂ ದೊಡ್ಡ ಅಪಾಯ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಕ್ರೀಮು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅಂತ ಟ್ಯೂಬಿನ ಮೇಲೆ ಬರೆದಿರುತ್ತದೆ. ನಾಲ್ಕು ದಿನ ಮುಖ ಬೆಳ್ಳಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇಮ್ಮಡಿಯಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಬಗೆಯ ಔಷಧಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

ಮೊಡವೆಗೆ ಮೊದಲು ಕೊಡುವುದು ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ಹಚ್ಚುವ ಔಷಧ. ಗುಣ ಕಾಣಲು ಎರಡು-ಮೂರು ತಿಂಗಳಾದರೂ ಬೇಕು. ಮೊಡವೆ ಜೋರಿದ್ದರೆ ಐಸೊಟ್ರೆಟಿನೋಯಿನ್ ಗುಳಿಗೆ ಬರೆಯುತ್ತಾರೆ. ಇದನ್ನು ನುಂಗುವಾಗ ಮತ್ತು ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ನಿಲ್ಲಬಾರದು; ಕೂಸಿಗೆ ಹುಟ್ಟಿನಿಂದಲೇ ಊನ ಬರುತ್ತದೆ. ಲಗ್ನ ನಿಶ್ಚಯವಾದ ಹುಡುಗಿ ನಾಚಿಕೆಪಡದೆ ಈ ಮಾತನ್ನು ವೈದ್ಯರಿಗೆ ತಿಳಿಸಲೇಬೇಕು. ಮೊಡವೆಯ ಜತೆಗೆ ಮುಟ್ಟು ಏರುಪೇರಾಗಿದ್ದರೆ ಅದನ್ನೂ ಹೇಳಬೇಕು.

ಅಕ್ಕಲಕೋಟದವರಿಗೆ ಸೊಲ್ಲಾಪುರದ ಸಿವಿಲ್ ಆಸ್ಪತ್ರೆ, ಜತ್ತದವರಿಗೆ ಮಿರಜದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಖಾಸಗಿಗೆ ಹೋಗುವುದಾದರೆ ಬ್ಯೂಟಿ ಪಾರ್ಲರ್‌ ಬಿಟ್ಟು, ಚರ್ಮರೋಗದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಓದಿದ ವೈದ್ಯರನ್ನೇ ಕಾಣಬೇಕು.

ಮೊಡವಿ ಹರೆಯದ ಹುಡುಗ-ಹುಡುಗಿ ಇಬ್ಬರಿಗೂ ಬರುವಂಥದ್ದು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಲಗ್ನದ ಮಾತು ಎತ್ತುವ ಆರು ತಿಂಗಳು ಮೊದಲೇ ವೈದ್ಯರಿಗೆ ತೋರಿಸ್ರಿ. ಅರಿಶಿಣ ಹಚ್ಚುವ ವಾರದಾಗ ಮಾತ್ರ ಹೊಸ ಕ್ರೀಮು, ಹೊಸ ಲೇಸರ್ ಯಾವುದೂ ಬ್ಯಾಡ.