ಪುಕ್ಕಟೆ ದುಡಿಮೆಗೂ ಹೊಣೆಗಾರರು ಬೇಕು

ಸಂಬಳವಿಲ್ಲದೆ ದುಡಿಯುವವರನ್ನು ನಡೆಸಿಕೊಂಡು ಹೋಗುವುದು ಸಂಬಳ ಕೊಟ್ಟು ದುಡಿಸಿಕೊಳ್ಳುವುದಕ್ಕಿಂತ ಕಷ್ಟ. ನೌಕರರಿಗೆ ಹಾಜರಿ ಪುಸ್ತಕವಿದೆ, ಕೆಲಸದ ವೇಳೆಯಿದೆ, ಕೆಲಸದ ಮೇಲಿದ್ದಾಗ ಬಿದ್ದು ಕೈ ಮುರಿದರೆ ಪರಿಹಾರ ಕೇಳಲು ಕಾನೂನಿದೆ. ಸ್ವಯಂಸೇವಕರಿಗೆ ಇರುವುದು ಉತ್ಸಾಹ. ಹೆಚ್ಚೆಂದರೆ ಸಂಘದ ಹೆಸರು ಅಚ್ಚಾದ ಒಂದು ಟೀ ಶರ್ಟ್. ಉಳಿದದ್ದೆಲ್ಲ ಅವರನ್ನು ಕರೆದ ಸಂಸ್ಥೆ ತಾನಾಗಿ ಹೊರಬೇಕಾದ ಹೊಣೆ.

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಈ ಹೊಣೆಯ ಪರೀಕ್ಷೆ ನಡೆಯುವುದು ಮಳೆಗಾಲದಲ್ಲಿ. ಲಿಂಗನಮಕ್ಕಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಶರಾವತಿಯ ಎಡಬಲ ದಂಡೆಯ ಊರುಗಳಿಗೆ ನಿದ್ದೆಯಿಲ್ಲ. ಕುಮಟಾದ ಕೋನಳ್ಳಿ, ಊರಕೇರಿಗಳಿಗೆ ನೆರೆ ಹೊಸದಲ್ಲ. 2022ರ ಆಗಸ್ಟ್ ಮೊದಲ ವಾರದ ಭಾರಿ ಮಳೆಗೆ ಭಟ್ಕಳ ಪೇಟೆಗೇ ನೀರು ನುಗ್ಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತರು. ಇಂಥ ಹೊತ್ತಿನಲ್ಲಿ ಮೊದಲು ಓಡಿಬರುವವರು ಅಕ್ಕಪಕ್ಕದ ಹುಡುಗರು ಮತ್ತು ದೋಣಿ ಇರುವ ಮೀನುಗಾರರು, ಅವರ ಬೆನ್ನಿಗೆ ಸಂಘಸಂಸ್ಥೆಗಳು. 1912ರಲ್ಲಿ ಹುಟ್ಟಿದ ಭಟ್ಕಳದ ಮಜ್ಲಿಸೆ ಇಸ್ಲಾಹ್ ವ ತಂಝೀಮ್, ಡಾ. ಕುಸುಮಾ ಸೊರಬ ಕಟ್ಟಿ ಬೆಳೆಸಿದ ಹೊನ್ನಾವರ ಕಾಸರಕೋಡಿನ ಸ್ನೇಹಕುಂಜ, ಕಾಲೇಜುಗಳ ಎನ್ನೆಸ್ಸೆಸ್ ಘಟಕಗಳು, ಊರೂರಿನ ಯುವಕ ಮಂಡಳಗಳು ಹೀಗೆ ಸೇವೆಯ ಪರಂಪರೆ ಇಲ್ಲಿ ಗಟ್ಟಿಯಾಗಿದೆ. ಸಣ್ಣ ಸಂಘಗಳಲ್ಲಿ ಸಾಮಾನ್ಯವಾಗಿ ಕಾಣದಿರುವುದು ಬರೆದಿಟ್ಟ ವ್ಯವಸ್ಥೆ.

ವ್ಯವಸ್ಥೆ ಒಂದು ನೋಟ್‌ಬುಕ್ಕಿನಿಂದ ಶುರುವಾಗಬಹುದು. ಹೆಸರು, ಹುಟ್ಟಿದ ದಿನಾಂಕ, ರಕ್ತದ ಗುಂಪು, ಮನೆಯವರ ಫೋನ್ ನಂಬರು, ಮೂರ್ಛೆ, ಉಬ್ಬಸದಂಥ ತೊಂದರೆ ಇದ್ದರೆ ಅದು, ನಿತ್ಯ ನುಂಗುವ ಮಾತ್ರೆ. ವಾಟ್ಸಾಪ್ ಗುಂಪಿನಲ್ಲಿ ಒತ್ತಿದ ಹೆಬ್ಬೆರಳು ನೋಂದಣಿಯಲ್ಲ. ಈಜು ಬರುತ್ತದೆಯೇ ಎಂದು ಕೇಳಿದರೆ ಕರಾವಳಿಯಲ್ಲಿ ಇಲ್ಲ ಎನ್ನುವ ಹುಡುಗ ಸಿಗುವುದು ಕಷ್ಟ. ಈಜಿದ್ದು ಮನೆ ಹಿಂದಿನ ಕೆರೆಯಲ್ಲೋ, ತುಂಬಿದ ಹೊಳೆಯಲ್ಲೋ, ಅಳಿವೆಯಲ್ಲೋ ಎಂದು ಕೆದಕಿ ಕೇಳಿ ಬರೆದುಕೊಳ್ಳಬೇಕು. ಅದೇ ಪುಸ್ತಕದಲ್ಲಿ ಪ್ರತಿ ದಿನಕ್ಕೊಂದು ಪುಟವಿಟ್ಟು, ಯಾರು ಎಷ್ಟು ಹೊತ್ತಿಗೆ ಯಾವ ಕೇರಿಗೆ ಹೋದರು, ಎಷ್ಟು ಹೊತ್ತಿಗೆ ಮರಳಿದರು ಎಂದು ಗುರುತಿಸಬೇಕು. ಸಂಜೆ ಲೆಕ್ಕಕ್ಕೆ ಒಬ್ಬ ಕಡಿಮೆ ಬಂದರೆ ಗೊತ್ತಾಗುವುದು ಈ ಪುಟದಿಂದಲೇ.

ಎರಡನೆಯದು, ಯಾರು ಏನು ಮಾಡಬೇಕು ಮತ್ತು ಏನು ಮಾಡಬಾರದು ಎಂಬ ನಿರ್ಧಾರ. ಅಕ್ಕಿ ಮೂಟೆ ಹೊರುವುದು, ಕಾಳಜಿ ಕೇಂದ್ರದಲ್ಲಿ ಊಟ ಬಡಿಸುವುದು, ಪಟ್ಟಿ ಬರೆಯುವುದು, ಕೆಸರು ತುಂಬಿದ ಮನೆ ತೊಳೆಯುವುದು ತರಬೇತಿಯಿಲ್ಲದವರಿಂದಲೂ ಆಗುವ ಕೆಲಸಗಳು. ಹರಿಯುವ ನೀರಿಗೆ ಇಳಿಯುವುದು, ಕುಸಿದ ಮಣ್ಣಿನ ಬುಡದಲ್ಲಿ ಅಗೆಯುವುದು ಆ ಸಾಲಿಗೆ ಸೇರುವುದಿಲ್ಲ. 2024ರ ಜುಲೈ 16ರಂದು ಕುಮಟಾದ ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಜಾರಿ ಗಂಗಾವಳಿ ನದಿಗೆ ಬಿದ್ದ ಮೇಲೆ ನಡೆದ ಶೋಧದಲ್ಲಿ, ನುರಿತ ಮುಳುಗುಗಾರ ಈಶ್ವರ ಮಲ್ಪೆ ಅವರೂ ಹಗ್ಗ ತುಂಡಾಗಿ ಸೆಳೆತದಲ್ಲಿ ಕೊಚ್ಚಿಹೋಗಿದ್ದರು. ಅವರನ್ನು ಮೇಲೆತ್ತಿದ್ದು ನೌಕಾಪಡೆಯವರು. ಅಷ್ಟು ಅನುಭವವಿದ್ದವರ ಪಾಡೇ ಹೀಗಾದರೆ, ಹುಮ್ಮಸ್ಸಿನಲ್ಲಿ ಹಾರುವ ಕಾಲೇಜು ಹುಡುಗನ ವಿಷಯ ಹೇಳಬೇಕಿಲ್ಲ. ಆದ್ದರಿಂದ ಪ್ರತಿ ತಂಡಕ್ಕೂ ಒಬ್ಬ ಮುಖ್ಯಸ್ಥರಿರಬೇಕು; 'ಸಾಕು, ಇನ್ನು ಮುಂದೆ ಹೋಗುವುದು ಬೇಡ' ಎನ್ನುವ ಅಧಿಕಾರ ಅವರದು. ಆ ಮಾತಿಗೆ ಅಧ್ಯಕ್ಷರ ಮಗನೂ ತಲೆಬಾಗಬೇಕು. ತಹಶೀಲ್ದಾರರೊಂದಿಗೆ, ಅಗ್ನಿಶಾಮಕ ಠಾಣೆಯೊಂದಿಗೆ ಮಾತಾಡುವವರೂ ಅವರೊಬ್ಬರೇ ಆದರೆ ಗೊಂದಲ ಕಡಿಮೆ.

ತರಬೇತಿ ಬೇಕೆನ್ನುವವರಿಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಆಪದಾ ಮಿತ್ರ' ಮಾದರಿಯಾಗಿದೆ. 2016ರಲ್ಲಿ ಆರಂಭವಾದ ಈ ಯೋಜನೆಯಲ್ಲಿ 18ರಿಂದ 40 ವರ್ಷದವರಿಗೆ 12 ದಿನಗಳ ತರಬೇತಿಯಿದೆ, ರಕ್ಷಣಾ ಸಾಮಗ್ರಿಯ ಕಿಟ್ ಇದೆ, ವಿಮೆಯೂ ಇದೆ. ಸಣ್ಣ ಸಂಘಕ್ಕೆ ಇಷ್ಟೆಲ್ಲ ಸಾಧ್ಯವಿಲ್ಲದಿದ್ದರೂ ಮೇ ತಿಂಗಳಲ್ಲಿ ಅಗ್ನಿಶಾಮಕದವರನ್ನು ಕರೆಸಿ ಒಂದು ದಿನ ಹಗ್ಗ, ಲೈಫ್ ಜಾಕೆಟ್, ಪ್ರಥಮ ಚಿಕಿತ್ಸೆಯ ಪಾಠ ಮಾಡಿಸುವುದು ಕೈಗೆಟುಕುವ ಮಾತು.

ನೆರೆ ಇಳಿದ ಮೇಲೂ ಅಪಾಯ ಇಳಿಯುವುದಿಲ್ಲ. ಇಲಿಯ ಮೂತ್ರ ಬೆರೆತ ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಕಾಮಾಲೆಯೊಂದಿಗೆ ಮೂತ್ರಪಿಂಡಕ್ಕೇ ಕುತ್ತು ತರುವ ಕಾಯಿಲೆ ಅದು. ಮನೆ ತೊಳೆಯಲು ಹೋಗುವವರಿಗೆ ಗಮ್ ಬೂಟು, ರಬ್ಬರ್ ಕೈಗವಸು ಬೇಕು. ಧನುರ್ವಾಯು ಚುಚ್ಚುಮದ್ದಿನ ಅವಧಿ ಮೀರಿದೆಯೇ ಎಂದು ನೋಡಬೇಕು. ಮುಂಜಾಗ್ರತೆಯ ಮಾತ್ರೆ ಬೇಕೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿಕೊಳ್ಳಬೇಕು. ಒದ್ದೆ ಗೋಡೆಯ ಸ್ವಿಚ್ಚು ಮುಟ್ಟುವ ಮೊದಲು ಮೇನ್ ಆಫ್ ಆಗಿದೆಯೇ ಎಂದು ನೋಡುವುದು, ತೇಲಿಬಂದ ಕಸದ ರಾಶಿಗೆ ಕೈ ಹಾಕುವ ಮೊದಲು ಹಾವಿದೆಯೇ ಎಂದು ಕೋಲಿನಿಂದ ಕೆದಕುವುದು ಇವೆಲ್ಲ ಹಳ್ಳಿಯವರಿಗೆ ಗೊತ್ತಿರುವುದೇ. ಪೇಟೆಯಿಂದ ಬಂದ ಹುಡುಗರಿಗೆ ಹೇಳಿಯೇ ಕಳಿಸಬೇಕು.

ವಿಮೆಯ ಬಗ್ಗೆ ಸಂಘಗಳು ಯೋಚಿಸುವುದು ತೀರಾ ಕಡಿಮೆ. ನೌಕರರ ಪರಿಹಾರದ ಕಾನೂನು ಸಂಬಳವಿಲ್ಲದವರ ನೆರವಿಗೆ ಬರುವುದಿಲ್ಲ. ದೊಡ್ಡ ಸಂಸ್ಥೆಗಳು ಗುಂಪು ಅಪಘಾತ ವಿಮೆ ಮಾಡಿಸಬಹುದು. ಅದು ಆಗದಿದ್ದರೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಿದೆ: ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಅದರ ವರ್ಷ ಶುರುವಾಗುವುದು ಜೂನ್ 1ಕ್ಕೆ, ಮುಂಗಾರಿನ ಜೊತೆಗೇ. ಆದರೆ ಅದು 18 ತುಂಬಿದವರಿಗೆ ಮಾತ್ರ. ಹದಿನಾರರ ಹುಡುಗನನ್ನು ಅಪಾಯದ ಜಾಗಕ್ಕೆ ಒಯ್ಯದಿರಲು ಇದೂ ಒಂದು ಕಾರಣ.

ಎಳೆಯರನ್ನು ಸೇವೆಯಿಂದ ದೂರವಿಡಬೇಕೆಂದೇನೂ ಇಲ್ಲ. 1969ರಲ್ಲಿ ಆರಂಭವಾದ ಎನ್ನೆಸ್ಸೆಸ್ ಎರಡು ವರ್ಷಕ್ಕೆ 240 ಗಂಟೆಯ ಸೇವೆ ಮತ್ತು ಏಳು ದಿನಗಳ ಶಿಬಿರ ಎಂಬ ಚೌಕಟ್ಟಿನಲ್ಲಿ ಹುಡುಗ ಹುಡುಗಿಯರನ್ನು ಹಳ್ಳಿಗೆ ಕರೆದೊಯ್ಯುತ್ತಲೇ ಇದೆ. ಅಲ್ಲಿ ಘಟಕಕ್ಕೊಬ್ಬ ಕಾರ್ಯಕ್ರಮಾಧಿಕಾರಿ ಹೊಣೆಗಾರರು. ಹೊರಗಿನ ಸಂಘ ಹದಿನೆಂಟರ ಒಳಗಿನವರನ್ನು ಕರೆಯುವಾಗ ತಂದೆತಾಯಿಯ ಬರಹದ ಒಪ್ಪಿಗೆ ಬೇಕು. ಎಲ್ಲಿಗೆ, ಯಾವ ಕೆಲಸಕ್ಕೆ, ಯಾರ ಜೊತೆ, ಮರಳುವುದು ಎಷ್ಟು ಹೊತ್ತಿಗೆ ಎಂಬುದು ಆ ಕಾಗದದಲ್ಲೇ ಇರಬೇಕು. ರಕ್ತದಾನ ಶಿಬಿರದಲ್ಲಿ ಅವರು ಹಣ್ಣಿನ ರಸ ಹಂಚಬಹುದು, ರಕ್ತ ಕೊಡುವಂತಿಲ್ಲ; ಅದಕ್ಕೂ 18 ತುಂಬಬೇಕು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವುದು ರಾತ್ರಿ ಹೊತ್ತು. ಆ ಕಾವಲು ದೊಡ್ಡವರದು. ಮರಿಗಳನ್ನು ಕಡಲಿಗೆ ಬಿಡುವ ದಿನ ಶಾಲೆಯ ಮಕ್ಕಳನ್ನು ಕರೆದರೆ ಸಾಕು.

ಕಡಲ ದಂಡೆಯ ಸ್ವಚ್ಛತೆಯನ್ನು ಮಕ್ಕಳಿಗೆ ಸುಲಭದ ಕೆಲಸವೆಂದು ಎಲ್ಲರೂ ಎಣಿಸುತ್ತಾರೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕಿ ಸತ್ತರು. ಅದು ಸೇವಾ ಕಾರ್ಯಕ್ರಮವಾಗಿರಲಿಲ್ಲ, ಆದರೆ ಕಡಲಿಗೆ ಆ ವ್ಯತ್ಯಾಸ ತಿಳಿಯದು. ಕಸ ಹೆಕ್ಕುವ ಮಕ್ಕಳು ನೀರಿಗೆ ಬೆನ್ನು ಹಾಕಿ ಬಗ್ಗಿರುತ್ತಾರೆ. ಕೆಲಸ ಮುಗಿದ ಮೇಲೆ ಕಾಲು ತೊಳೆಯಲು ಹೋಗುತ್ತಾರೆ. ಮೊದಲೇ ಗಡಿಗೆ ಹಗ್ಗ ಎಳೆದು, ಹಗ್ಗದ ಆಚೆ ಬದಿಯಲ್ಲಿ ಜೀವರಕ್ಷಕರನ್ನೋ ಈಜು ಬಲ್ಲ ದೊಡ್ಡವರನ್ನೋ ನಿಲ್ಲಿಸಿ, ಬಸ್ಸು ಹತ್ತುವ ತನಕ ತಲೆ ಎಣಿಸುತ್ತಿರಬೇಕು.

ಇನ್ನೊಂದು ಅಪಾಯವನ್ನು ಬಾಯಿಬಿಟ್ಟು ಹೇಳಲು ಸಂಘಗಳು ಮುಜುಗರಪಡುತ್ತವೆ. ಸೇವೆಯ ಹೆಸರಿನಲ್ಲಿ ಮಕ್ಕಳ ಹತ್ತಿರ ಬರುವವರೆಲ್ಲ ಒಳ್ಳೆಯ ಮನಸ್ಸಿನವರೇ ಆಗಿರುವುದಿಲ್ಲ. ಕಾಳಜಿ ಕೇಂದ್ರದಂಥ ಜಾಗದಲ್ಲಿ ಹಲವು ಮನೆಗಳವರು ಒಂದೇ ಶಾಲಾ ಕೋಣೆಯಲ್ಲಿ ಮಲಗಿರುತ್ತಾರೆ, ತಾಯಂದಿರ ಗಮನ ಹತ್ತು ಕಡೆ ಇರುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳು ಮಕ್ಕಳ ನಿತ್ಯ ಸಂಪರ್ಕವಿರುವ ಸಂಸ್ಥೆಗಳು ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕೆನ್ನುತ್ತವೆ. ನಿಯಮದ ಮಾತು ನೌಕರರ ಬಗ್ಗೆ. ಟ್ಯೂಷನ್ ಹೇಳಿಕೊಡಲು, ಶಿಬಿರ ನಡೆಸಲು ಬರುವ ಸ್ವಯಂಸೇವಕರಿಗೂ ಅದನ್ನೇ ಅನ್ವಯಿಸುವುದು ಜಾಣತನ. ಪರಿಚಯದವರು, ನಮ್ಮೂರಿನವರು ಎಂಬ ವಿನಾಯಿತಿ ಬೇಡ. ಮಕ್ಕಳ ಮೇಲಿನ ದೌರ್ಜನ್ಯ ಬಹುಪಾಲು ನಡೆಯುವುದು ಪರಿಚಯದವರಿಂದಲೇ. ದೊಡ್ಡವರೊಬ್ಬರೇ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬಾರದು, ಒಬ್ಬರೇ ಬೈಕಿನಲ್ಲಿ ಮನೆಗೆ ಬಿಡಬಾರದು, ಖಾಸಗಿಯಾಗಿ ಮೆಸೇಜು ಕಳಿಸಬಾರದು. ನೆರೆ ಸಂತ್ರಸ್ತ ಮಗುವಿಗೆ ಬಿಸ್ಕತ್ತು ಕೊಡುವ ಫೋಟೊ ಸ್ಟೇಟಸ್ಸಿಗೆ ಹಾಕುವ ಚಪಲಕ್ಕೂ ಕಡಿವಾಣ ಬೇಕು.

ಸಂಶಯ ಬಂದರೆ ಕಮಿಟಿಯಲ್ಲಿ ಕೂತು ಪಂಚಾಯಿತಿ ಮಾಡುವ ಅವಕಾಶವನ್ನು ಕಾನೂನು ಕೊಟ್ಟಿಲ್ಲ. ಪೋಕ್ಸೊದ 19ನೇ ಕಲಂ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳ ತನಕ, ಸಂಸ್ಥೆಯ ಮುಖ್ಯಸ್ಥರೇ ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದ ತನಕ ಶಿಕ್ಷೆಯುಂಟು. ಮಕ್ಕಳ ಸಹಾಯವಾಣಿ 1098 ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಯಲ್ಲಿರಬೇಕು.

ಹೆಂಗಸರ ವಿಷಯದಲ್ಲೂ ಕಾನೂನು ಹಲವರು ತಿಳಿದಿರುವುದಕ್ಕಿಂತ ವಿಶಾಲವಾಗಿದೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಸಂಬಳವಿಲ್ಲದೆ, ಸ್ವಇಚ್ಛೆಯಿಂದ ದುಡಿಯುವವರೂ ಉದ್ಯೋಗಿಗಳೇ. ಹತ್ತು ಮಂದಿ ಇರುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಅಷ್ಟಿಲ್ಲದ ಕಡೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ.

ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಸ್ವಯಂಸೇವಕರನ್ನು ಉಳಿಸಿಕೊಳ್ಳುವುದು ಸಣ್ಣಪುಟ್ಟ ಲೆಕ್ಕಗಳು. ಬಸ್ ಚಾರ್ಜು, ಪೆಟ್ರೋಲು ಕೈಯಿಂದ ಹಾಕಿಸಬಾರದು. ಕೂಲಿ ಬಿಟ್ಟು ಬರುವ ಮೀನುಗಾರರ ಹುಡುಗನಿಗೂ ಡಾಕ್ಟರ ಮಗನಿಗೂ ಇದರ ಭಾರ ಒಂದೇ ಅಲ್ಲ. ಸಾವು ಕಂಡು ಬಂದವರನ್ನು ಮರುದಿನವೇ ಮತ್ತೆ ಕಳಿಸದೆ, ಹಿರಿಯರೊಬ್ಬರು ಕೂರಿಸಿ ಮಾತಾಡಿಸಬೇಕು. ನಿದ್ದೆ ಬಾರದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಬಹುದು. ಬಿಟ್ಟು ಹೋಗುವವರಿಗೆ ಕೊಡುವ ಪತ್ರದಲ್ಲಿ 'ಉತ್ತಮ ಸೇವೆ' ಎಂಬ ಒಂದೇ ಸಾಲಿಗಿಂತ, ನೋಟ್‌ಬುಕ್ ನೋಡಿ ಎಷ್ಟು ಗಂಟೆ, ಯಾವ ಕೆಲಸ, ಯಾವ ತರಬೇತಿ ಎಂದು ಬರೆದರೆ ಮುಂದೆ ಕೆಲಸ ಕೇಳಲು ಹೋದಾಗ ಉಪಯೋಗಕ್ಕೆ ಬರುತ್ತದೆ.