ಜೀವಕೋಶಗಳ ಸ್ವಶುದ್ಧಿಯೂ ಹೃದ್ರೋಗ ಚಿಕಿತ್ಸೆಯೂ

ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರದ ಪರಿಸರದಲ್ಲಿ ಬೆಳೆದ ವಿದ್ಯಾರ್ಥಿಗಳು ಕಬ್ಬಿನ ಹಾಲು ಕುದಿಯುವುದನ್ನು ಕಂಡೇ ಇರುತ್ತಾರೆ. ಮೇಲೆ ತೇಲುವ ಕಲ್ಮಷವನ್ನು ತೆಗೆಯದಿದ್ದರೆ ಬೆಲ್ಲವು ಕೆಡುವುದು. ಪಾಕವು ಗಟ್ಟಿಯಾದ ಮೇಲೂ ತೆಗೆಯುತ್ತ ಹೋದರೆ ಬೆಲ್ಲವೇ ನಷ್ಟವಾಗುವುದು. ಹೃದಯದ ಜೀವಕೋಶಗಳೊಳಗಿನ ಶುದ್ಧಿಕಾರ್ಯದಲ್ಲಿಯೂ ಹೊತ್ತರಿತು ನಡೆಯುವುದೇ ಮುಖ್ಯವೆಂದು ಪ್ರಯೋಗಗಳು ತೋರಿಸಿವೆ.

ಈ ಕಾರ್ಯಕ್ಕೆ ಆಟೊಫೇಜಿ, ಎಂದರೆ ಸ್ವಭಕ್ಷಣ, ಎಂದು ಹೆಸರು. ಬೆಲ್ಜಿಯಮ್ ದೇಶದ ಕ್ರಿಸ್ಟಿಯಾನ್ ದ ದೂವ್ ಅವರು 1963ರಲ್ಲಿ ಈ ಹೆಸರನ್ನಿಟ್ಟರು. ಕೋಶದೊಳಗಿನ ಸವೆದ ಭಾಗಗಳನ್ನು ಎರಡು ಪದರಗಳ ಪೊರೆಯೊಂದು ಸುತ್ತುವರಿದು ಚೀಲವಾಗುತ್ತದೆ. ಆ ಚೀಲವು ಲೈಸೋಸೋಮಿನೊಡನೆ ಕೂಡಿದಾಗ ಅಲ್ಲಿನ ಕಿಣ್ವಗಳು ಒಳಗಿನದನ್ನು ಅರಗಿಸಿ, ಅಮೈನೋ ಆಮ್ಲಗಳನ್ನು ಮರುಬಳಕೆಗೆ ಒದಗಿಸುತ್ತವೆ. ಯೀಸ್ಟಿನಲ್ಲಿ ಈ ಕ್ರಿಯೆಯ ವಂಶವಾಹಿಗಳನ್ನು ಗುರುತಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ಪಾರಿತೋಷಕವು ಸಂದಿತು.

ಪ್ರಾಯದ ಮನುಷ್ಯನ ಹೃದಯಸ್ನಾಯುವಿನ ಕೋಶಗಳಲ್ಲಿ ವರ್ಷಕ್ಕೆ ಶೇಕಡಾ 1ರಷ್ಟೂ ಹೊಸದಾಗಿ ಹುಟ್ಟುವುದು ಕಷ್ಟ. ಆದುದರಿಂದ ಇರುವ ಕೋಶಗಳನ್ನು ಶುದ್ಧವಾಗಿಟ್ಟುಕೊಳ್ಳುವುದು ಹೃದಯಕ್ಕೆ ಅನಿವಾರ್ಯ. ಬೆಳೆದ ಇಲಿಗಳ ಹೃದಯದಲ್ಲಿ ಈ ಕ್ರಿಯೆಗೆ ಬೇಕಾದ ಒಂದು ವಂಶವಾಹಿಯನ್ನು ತೆಗೆದಾಗ ಹೃದಯವು ಹಿಗ್ಗಿ ದುರ್ಬಲವಾಯಿತೆಂದು 2007ರಲ್ಲಿ ಪ್ರಕಟವಾಯಿತು. ಲೈಸೋಸೋಮಿನ ಒಂದು ಪ್ರೋಟೀನಿನ ಕೊರತೆಯಿಂದುಂಟಾಗುವ ಡ್ಯಾನನ್ ರೋಗದಲ್ಲಿ ಮನುಷ್ಯರ ಹೃದಯಸ್ನಾಯುವೂ ಕೆಡುತ್ತದೆ.

ಆದರೆ ಅದೇ 2007ರ ಮತ್ತೊಂದು ಅಧ್ಯಯನವು ಎಚ್ಚರಿಕೆಯ ಮಾತನ್ನೂ ಹೇಳಿತು. ರಕ್ತಸಂಚಾರವು ನಿಂತಿರುವಾಗ ಸ್ವಭಕ್ಷಣವು ಇಲಿಯ ಹೃದಯವನ್ನು ಕಾಪಾಡಿತು. ರಕ್ತವು ಮರಳಿ ಹರಿಯತೊಡಗಿದಾಗ ಅದೇ ಕ್ರಿಯೆಯು ಮಿತಿಮೀರಿ ಹಾನಿಯನ್ನು ಹೆಚ್ಚಿಸಿತು. ಹಾಗಾದರೆ ಔಷಧವು ಈ ಕ್ರಿಯೆಯನ್ನು ಪ್ರಚೋದಿಸಬೇಕೆ, ತಡೆಯಬೇಕೆ? ರೋಗದ ಘಟ್ಟವನ್ನು ಅರಿಯದೆ ಇದಕ್ಕೆ ಉತ್ತರವಿಲ್ಲ.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡವು ಸ್ವಭಕ್ಷಣವನ್ನು ಹತೋಟಿಗೆ ತರುವ ರಾಸಾಯನಿಕಗಳನ್ನು ಯೀಸ್ಟಿನ ನೆರವಿನಿಂದ ಶೋಧಿಸುತ್ತ ಬಂದಿದೆ. 2017ರಲ್ಲಿ ಅವರು ವರದಿಮಾಡಿದ ‘6-ಬಯೋ’ ಎಂಬುದು ಪಾರ್ಕಿನ್ಸನ್ ರೋಗದ ಮಾದರಿಯ ಇಲಿಗಳ ಮಿದುಳಿನ ಕೋಶಗಳಿಗೆ ರಕ್ಷಣೆಯೊದಗಿಸಿತು. ಅದು ಹೃದಯದ ಔಷಧವಲ್ಲ. ಆದರೂ ಇಂತಹ ಸಾಧನಗಳು ದೊರೆತಂತೆಲ್ಲ ಹೃದಯದ ಪ್ರಶ್ನೆಯನ್ನೂ ಸೂಕ್ಷ್ಮವಾಗಿ ಪರೀಕ್ಷಿಸುವುದು ಸಾಧ್ಯವಾಗುತ್ತದೆ.

ಉಪವಾಸವು ಈ ಕ್ರಿಯೆಯನ್ನು ಪ್ರಚೋದಿಸುವುದೆಂಬ ಮಾತು ಇಂದು ಬಹುವಾಗಿ ಪ್ರಚಾರದಲ್ಲಿದೆ. ಅದನ್ನು ನಂಬಿ ಹೃದ್ರೋಗಿಯು ವೈದ್ಯರು ಕೊಟ್ಟ ಔಷಧವನ್ನು ಬಿಡುವುದು ಅಪಾಯಕರ. ಇಲಿಯ ಹೃದಯದಲ್ಲಿ ಕಂಡುದು ರೋಗಿಯ ಶುಶ್ರೂಷೆಯಾಗಬೇಕಾದರೆ ಇನ್ನೂ ಬಹಳ ಪರೀಕ್ಷೆಗಳು ನಡೆಯಬೇಕಾಗಿವೆ.