ಸೇತುವೆ ಹೊತ್ತ ರಬ್ಬರ್

ಯಾವುದಾದರೂ ಮೇಲ್ಸೇತುವೆಯ ಕೆಳಗೆ ನಿಂತು ಕಂಬದ ತಲೆಯತ್ತ ನೋಡಿ. ರಸ್ತೆಯನ್ನು ಹೊತ್ತ ಕಾಂಕ್ರೀಟ್ ಗರ್ಡರ್ ನೇರವಾಗಿ ಕಂಬದ ಮೇಲೆ ಕೂತಿರುವುದಿಲ್ಲ. ಹೆಚ್ಚಿನ ಕಡೆ ಎರಡರ ನಡುವೆ ಒಂದು ಕಪ್ಪು ಬಿಲ್ಲೆ ಇರುತ್ತದೆ. ಅದೇ ರಬ್ಬರಿನ ಬೇರಿಂಗ್ ಪ್ಯಾಡ್. ಗರ್ಡರಿನ ತೂಕ, ಅದರ ಮೇಲೆ ಓಡುವ ಲಾರಿ-ಬಸ್ಸುಗಳ ತೂಕ ಎಲ್ಲವೂ ಇಂಥ ಬಿಲ್ಲೆಗಳ ಮೂಲಕವೇ ಕಂಬಕ್ಕೆ ಇಳಿಯಬೇಕು.

ರಬ್ಬರೇ ಏಕೆ? ಗರ್ಡರ್ ಅಲುಗದೆ ಕೂರುವ ವಸ್ತುವಲ್ಲ. 30 ಮೀಟರ್ ಉದ್ದದ ಕಾಂಕ್ರೀಟ್ ಗರ್ಡರಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 11 ಮಿಲಿಮೀಟರ್ ಹಿಗ್ಗುತ್ತದೆ. ಲಾರಿ ಬಂದಾಗ ನಡು ಬಾಗಿ, ತುದಿಗಳು ತುಸು ತಿರುಗುತ್ತವೆ. ಈ ಚಲನೆಯನ್ನು ಬಿಗಿಹಿಡಿದರೆ ಕಾಂಕ್ರೀಟ್ ಬಿರುಕು ಬಿಡುತ್ತದೆ. ಮೆತ್ತನೆಯ ರಬ್ಬರ್ ಅದಕ್ಕೆ ಎಡೆಕೊಡುತ್ತದೆ.

ಆದರೆ ಬರೀ ರಬ್ಬರಿಗೆ ಒಂದು ದೌರ್ಬಲ್ಯವಿದೆ. ಒತ್ತಿದಾಗ ಅದರ ಗಾತ್ರ ಕುಗ್ಗುವುದಿಲ್ಲ. ಅಂಗೈಯಲ್ಲಿ ಒತ್ತಿದ ಚಪಾತಿ ಹಿಟ್ಟಿನ ಉಂಡೆಯಂತೆ ಪಕ್ಕಕ್ಕೆ ಉಬ್ಬುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ನನ್ನ ಮಟ್ಟಿಗೆ ಎಂಜಿನಿಯರಿಂಗಿನ ಅತ್ಯಂತ ಚೆಲುವಾದ ಯೋಚನೆಗಳಲ್ಲೊಂದು. ರಬ್ಬರಿನ ಪದರಗಳ ನಡುವೆ ತೆಳುವಾದ ಉಕ್ಕಿನ ತಗಡುಗಳನ್ನಿಟ್ಟು, ಶಾಖ ಕೊಟ್ಟು ಬೆಸೆಯುತ್ತಾರೆ. ತಗಡಿಗೆ ಅಂಟಿಕೊಂಡ ರಬ್ಬರ್ ಪಕ್ಕಕ್ಕೆ ಹೆಚ್ಚು ಉಬ್ಬಲಾರದು. ಹಾಗಾಗಿ ಮೇಲಿನಿಂದ ಬರುವ ಭಾರಕ್ಕೆ ಪ್ಯಾಡ್ ಬಲು ಗಟ್ಟಿ. ಅಡ್ಡಲಾಗಿ ಜಗ್ಗಿದರೆ ಮಾತ್ರ ಮೊದಲಿನಷ್ಟೇ ಮೆತ್ತಗೆ ವಾಲುತ್ತದೆ. ಪದರ ತೆಳುವಾದಷ್ಟೂ ಹೊರುವ ಶಕ್ತಿ ಹೆಚ್ಚು. ಫ್ರಾನ್ಸಿನ ಯೂಜೀನ್ ಫ್ರೆಸಿನೆ 1954ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇಂಗ್ಲೆಂಡಿನ ಲಿಂಕನ್ ನಗರದಲ್ಲಿ 1958ರಲ್ಲಿ ತೆರೆದ ಪೆಲ್ಹಮ್ ಸೇತುವೆ ಇಂಥ ಪ್ಯಾಡುಗಳ ಮೇಲೆ ಕೂತ ಮೊದಮೊದಲ ಸೇತುವೆಗಳಲ್ಲೊಂದು.

ರಬ್ಬರ್ ಬೇಗ ಹಾಳಾಗದೇ ಎಂಬ ಅನುಮಾನ ಸಹಜ. ಮೆಲ್ಬರ್ನಿನ ರೈಲು ಮೇಲ್ಸೇತುವೆಯೊಂದಕ್ಕೆ 1889ರಲ್ಲಿ ಹಾಕಿದ ರಬ್ಬರ್ ತುಂಡುಗಳನ್ನು ಸುಮಾರು ನೂರು ವರ್ಷದ ಬಳಿಕ ಪರೀಕ್ಷಿಸಿದಾಗ, ಹೊರಮೈಯಷ್ಟೇ ಹಾಳಾಗಿತ್ತು.

ಪ್ಯಾಡ್ ಚೆನ್ನಾಗಿದ್ದರಷ್ಟೇ ಸಾಲದು, ಅದು ಕೂತ ಜಾಗವೂ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಬೆಂಗಳೂರಿನ ಟ್ರಿನಿಟಿ ಮೆಟ್ರೊ ನಿಲ್ದಾಣದ ಬಳಿ 2018ರ ಡಿಸೆಂಬರಿನಲ್ಲಿ ತೊಂದರೆ ಕಂಡದ್ದು ಕಂಬದ ಮೇಲಿನ ಅಡ್ಡತೊಲೆಯ ಕಾಂಕ್ರೀಟಿನಲ್ಲಿ. ಒಳಗೆ ಜೇನುಗೂಡಿನಂತೆ ಟೊಳ್ಳು ಬಿದ್ದಿತ್ತು. ಆ ಭಾಗದ ರೈಲು ಸಂಚಾರ ನಿಲ್ಲಿಸಿ ದುರಸ್ತಿ ಮಾಡಬೇಕಾಯಿತು.

ಸಾಮಾನ್ಯವಾಗಿ ಸೇತುವೆಗಿಂತ ಮೊದಲು ಪ್ಯಾಡಿನ ಆಯುಷ್ಯ ಮುಗಿಯುತ್ತದೆ. ಬದಲಿಸಲು ಗರ್ಡರನ್ನು ಜಾಕ್ ಕೊಟ್ಟು ಕೆಲವು ಮಿಲಿಮೀಟರ್ ಎತ್ತಬೇಕು. ಜಾಕ್ ಇಡಲು ಕಂಬದ ತಲೆಯ ಮೇಲೆ ಜಾಗ ಬಿಡದ ನಕ್ಷೆಗೆ ಯಾರೂ ಸಹಿ ಹಾಕಬಾರದು.